ಗೇಣುದ್ದದ ಬೇಲಿ, ತಂತಿಯ ನವಿಲು

ನಗರದ ಹಸಿರನ್ನೆಲ್ಲ ತಮ್ಮ ಕತ್ತರಿಯ ಅಂಕೆಯಲ್ಲಿಟ್ಟುಕೊಂಡಿರುವ ಉದ್ಯಾನ ಅಧಿಕಾರಿಗಳ ಸನ್ನಿಧಿಗೆ, ಬಸ್ ನಿಲ್ದಾಣದ ಎದುರಿನ ಲಾಂಡ್ರಿಯವನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನನ್ನ ಬಟ್ಟೆ ಒಣಹಾಕುವ ಅಂಗಳಕ್ಕೂ ರಸ್ತೆಗೂ ನಡುವೆ ಇದ್ದ ತಮ್ಮ ಇಲಾಖೆಯ ಸೈಪ್ರೆಸ್ ಮರಗಳ ಬೇಲಿ ಎರಡಾಳೆತ್ತರ ಬೆಳೆದು, ಅರ್ಧ ಕಾಲುದಾರಿಯನ್ನೂ ಒಂದು ಅಂಚೆಪೆಟ್ಟಿಗೆಯನ್ನೂ ನುಂಗಿದೆ, ದಯವಿಟ್ಟು ಕತ್ತರಿಸಿ ಎಂದು ಮೂರು ಅರ್ಜಿ ಕೊಟ್ಟವನು ನಾನೇ. ತಾವು ಬುಡಸಮೇತ ಕೀಳಿಸಿದಿರಿ. ಕೂದಲು ಕತ್ತರಿಸಿ ಎಂದು ಕುರ್ಚಿಯಲ್ಲಿ ಕೂತವನ ತಲೆಯನ್ನೇ ತೆಗೆದು ಕೈಗಿಡುವಂಥ ಈ ಕರ್ತವ್ಯನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಅದರ ಜಾಗದಲ್ಲಿ ಅಳತೆಪಟ್ಟಿ ಹಿಡಿದು ನೆಟ್ಟ ನಲವತ್ತೆರಡು ಗಿಡಗಳು ಕವಾಯತಿಗೆ ನಿಂತಿವೆ. ನಟ್ಟನಡುವೆ ಗರಿ ಬಿಚ್ಚಿದ ನವಿಲಿನ ಆಕಾರದ ತಂತಿ ಚೌಕಟ್ಟು, ಮುಂದೊಂದು ದಿನ ಅದನ್ನು ತುಂಬಿ ನವಿಲಾಗಬೇಕಾದ ಗಿಡಕ್ಕೆ ಸದ್ಯ ಮೂರು ಎಲೆ. ಪಕ್ಕದಲ್ಲಿ ತಾವು ನಿಲ್ಲಿಸಿರುವ ಬಣ್ಣದ ಫಲಕದಲ್ಲಿ ಬೇಲಿ ಆಳೆತ್ತರ ಇದೆ. ಕೆಳಗೆ, ಇರುವೆಗಳಿಗೆಂದೇ ಬರೆಸಿದಂಥ ಅಕ್ಷರಗಳಲ್ಲಿ, ‘ಹನ್ನೆರಡು ವರ್ಷಗಳ ನಂತರದ ನೋಟ’ ಎಂದಿದೆ. ಇಂದಿನ ನೋಟ ಒಂದು ಗೇಣು. ಬೆಕ್ಕು ಕೂಡ ಅದನ್ನು ಹಾರುವುದಿಲ್ಲ, ಸುಮ್ಮನೆ ದಾಟುತ್ತದೆ.

ಲಾಂಡ್ರಿ ನಡೆಯುವುದು ಸೋಪಿನಿಂದಲ್ಲ ಸ್ವಾಮಿ, ಬಾಯಿ ಮುಚ್ಚಿಕೊಂಡಿರುವುದರಿಂದ. ಗಂಟು ಹೊತ್ತು ಮನೆಮನೆ ತಿರುಗುತ್ತಿದ್ದ ನಾನು ಇಪ್ಪತ್ತಾರು ವರ್ಷದಲ್ಲಿ ಸ್ವಂತ ಅಂಗಡಿ ಮಾಡಿದ್ದು, ಯಾರ ಅಂಗಿಯ ಒಳಗೆ ಏನಿದೆ ಎಂದು ಯಾರಿಗೂ ಹೇಳದೆ. ಆ ಕೆಲಸದಲ್ಲಿ ಅರ್ಧವನ್ನು ಸೈಪ್ರೆಸ್ ಮಾಡುತ್ತಿತ್ತೆಂದು ಅದು ಹೋದ ಮೇಲೆ ತಿಳಿಯಿತು. ಈಗ ಬಸ್ಸಿಗೆ ಕಾಯುವ ಊರೆಲ್ಲ ನನ್ನ ಹಗ್ಗವನ್ನು ದಿನಪತ್ರಿಕೆಯಂತೆ ಓದುತ್ತದೆ. ಶಾಲೆಯ ಮುಖ್ಯೋಪಾಧ್ಯಾಯಿನಿಯವರು, ಹಗ್ಗದ ಮೇಲಿದ್ದ ತಮ್ಮ ನೈಟಿಯ ಚಿಟ್ಟೆಗಳನ್ನು ಇಬ್ಬರು ವಿದ್ಯಾರ್ಥಿಗಳು ಎಣಿಸುತ್ತಿದ್ದುದನ್ನು ಕಂಡು, “ಇನ್ಮೇಲೆ ಮನೇಲೇ ಒಕ್ಕೋತೀವಿ ಬಿಡಪ್ಪಾ, ನಿನ್ನ ಮೇಲೇನೂ ಬೇಜಾರಿಲ್ಲ” ಎಂದು ಗಂಟು ಎತ್ತಿಕೊಂಡು ಹೋದರು. ನನ್ನ ಮೂವತ್ತೊಂದು ಮನೆಗಳಲ್ಲಿ ಹನ್ನೊಂದು ಇದುವರೆಗೆ ಹೀಗೆ ಬೇಜಾರಿಲ್ಲದೆ ಹೋಗಿವೆ.

ಕಳೆದ ಗುರುವಾರ ಬಸ್ಸಿಗೆ ನಿಂತಿದ್ದವರು ತಮ್ಮ ಅತ್ತೆಯವರೇ. ಪಕ್ಕದವರಿಗೆ ಹಗ್ಗದ ಕಡೆ ಬೆರಳು ಮಾಡಿ, “ಆ ಮೂರನೇ ಬನಿಯನ್ ನಮ್ಮ ಅಳಿಯಂದು ಕಣ್ರೀ. ಬೆನ್ನಿನ ತೇಪೆ ನಾನೇ ಹಾಕಿದ್ದು. ಹೊಸದು ತಗೋಳಪ್ಪಾ ಅಂದ್ರೆ, ಮೇಲೆ ಕೋಟು ಇರುತ್ತಲ್ಲ ಅಂತಾನೆ” ಎಂದರು. ಆ ತೇಪೆಯ ಬಗ್ಗೆ ಒಂಬತ್ತು ವರ್ಷ ತುಟಿ ಬಿಚ್ಚದಿದ್ದವನು ನಾನು ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ.

ಆದ್ದರಿಂದ ನನ್ನ ಪ್ರಾರ್ಥನೆ: ನಲವತ್ತೆರಡು ಗಿಡಗಳಿಗೂ ನೋಟೀಸು ಜಾರಿಮಾಡಿ, ಸೋಮವಾರದೊಳಗೆ ಆಳೆತ್ತರ ಬೆಳೆಯದಿದ್ದರೆ ವಿವರಣೆ ಕೇಳಬೇಕು. ಅದಾಗದಿದ್ದರೆ ಬಸ್ಸುಗಳನ್ನು ಹನ್ನೆರಡು ವರ್ಷ ಬೇರೆ ಬೀದಿಯಲ್ಲಿ ಓಡಿಸಬೇಕು. ಅದೂ ಆಗದಿದ್ದರೆ, ಗಿಡಗಳು ಬೆಳೆಯುವವರೆಗೆ ಒಂದು ಬಿದಿರಿನ ತಟ್ಟಿ ಕಟ್ಟಿಕೊಳ್ಳಲು ಅಪ್ಪಣೆ ಕೊಡಬೇಕು. ‘ಸೌಂದರ್ಯಕ್ಕೆ ಧಕ್ಕೆ’ ಎಂದು ಷರಾ ಬರೆದು ತಾವು ಹಿಂದೆ ತಿರಸ್ಕರಿಸಿದ ಆ ತಟ್ಟಿಯ ಅರ್ಜಿಯನ್ನು ಮಡಿಕೆ ಮುರಿಯದಂತೆ ಇಟ್ಟುಕೊಂಡಿದ್ದೇನೆ.

ತಮ್ಮ ವಿಶ್ವಾಸಿ, ಮತ್ತು ಇನ್ನೂ ತಮ್ಮ ಬಟ್ಟೆ ಒಗೆಯುತ್ತಿರುವ,
ಲಾಂಡ್ರಿಯವನು

ಮರೆತ ಮಾತು: ತಮ್ಮ ಕೋಟನ್ನು ಹಗ್ಗಕ್ಕೆ ಹಾಕಿದರೆ ಹುದ್ದೆಗೆ ಕುಂದೆಂದು ತಂತಿಯ ನವಿಲಿಗೆ ತೊಡಿಸಿದ್ದೆ, ಭುಜ ಚೆನ್ನಾಗಿ ಕೂತಿತು. ಬಸ್ಸಿಗೆ ಬಂದ ಇಬ್ಬರು ಅದರ ಜೇಬಿಗೆ ಅರ್ಜಿ ಹಾಕಿ ಹೋದದ್ದನ್ನು ನೋಡಿ, ತಟ್ಟಿಯ ಅರ್ಜಿಯ ನಕಲನ್ನು ನಾನೂ ಹಾಕಿದೆ. ಮೂರು ದಿನವಾದರೂ ಕೋಟು ಬೇಡವೆನ್ನದ ಕಾರಣ ಇಂದು ಬೆಳಿಗ್ಗೆ ತಟ್ಟಿ ಕಟ್ಟಿಯಾಯಿತು. ಅದನ್ನು ಕೀಳಲು ಬರುವ ತಮ್ಮ ಸಿಬ್ಬಂದಿಗೆ ಗುರುತು ಸಿಗಲೆಂದು, ತೇಪೆಯ ಆ ಒಂದು ಬನಿಯನ್ನನ್ನು ಮಾತ್ರ ತಟ್ಟಿಯ ಹೊರಗೆ, ರಸ್ತೆಯ ಬದಿಗೆ ಒಣಹಾಕಿದ್ದೇನೆ.