ದಂಡನಾಯಕನ ಕಪ್ಪು ಪಟ್ಟಿ

ಬೀಗದ ಕೈ ಕೊರೆಯುವ ಯಂತ್ರದ ಮುಂದೆ ಕೂತವನು ಎರಡು ಕೆಲಸ ಒಟ್ಟಿಗೆ ಮಾಡಬಾರದು. ಇದು ಅಂಗಡಿಯ ಮಾಲೀಕರು ದಿನಾ ಹೇಳುವ ಮಾತು, ದಂಡನಾಯಕ ದಿನಾ ತಲೆಯಾಡಿಸಿ ಮರೆಯುವ ಮಾತು. ಆ ಬೆಳಿಗ್ಗೆ ಅವನು ಒಂದು ಕೈಯಲ್ಲಿ ಯಾರದೋ ಬೀರುವಿನ ಕೀಲಿ ಕೊರೆಯುತ್ತ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು, 'ಕುದುರೆ ದಂಡು' ಎಂಬ ವಿಡಿಯೊ ಗೇಮಿನ ಏಳನೆಯ ಭಾಗದ ಟ್ರೇಲರ್ ನೋಡುತ್ತಿದ್ದ. ಕಣ್ಣಿನ ಮೇಲಿರಬೇಕಾದ ರಕ್ಷಣೆಯ ಕನ್ನಡಕ ಹಣೆಯ ಮೇಲಿತ್ತು. ಅದನ್ನು ಹಾಕಿಕೊಂಡರೆ ಮೊಬೈಲ್ ಮಸುಕಾಗಿ ಕಾಣುತ್ತಿತ್ತು, ಪಾಪ.

ದಂಡನಾಯಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅಂಗಡಿಯಲ್ಲಿ ಅವನು "ಏಯ್", ಮನೆಯಲ್ಲಿ "ರೀ". ಆದರೆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಸೇರುವ ಕುದುರೆ ದಂಡು ಅಭಿಮಾನಿಗಳ ಸಂಘದಲ್ಲಿ ಮಾತ್ರ ಅವನು ದಂಡನಾಯಕ. ಆರೂ ಭಾಗಗಳನ್ನು ಎಲ್ಲರಿಗಿಂತ ಮೊದಲು ಆಡಿ ಮುಗಿಸಿದ್ದಕ್ಕೆ ಸಿಕ್ಕ ಪದವಿ ಅದು. ಆ ಕೋಣೆಯಲ್ಲಿ ಕೈಯಿರುವ ಕುರ್ಚಿ ಒಂದೇ, ಅದರಲ್ಲಿ ಅವನೇ ಕೂರಬೇಕು. ಅವನು ಒಳಗೆ ಬಂದರೆ ಬ್ಯಾಂಕಿನ ಕ್ಯಾಷಿಯರ್, ಬಸ್ ಡ್ರೈವರ್, ನಿವೃತ್ತ ಹೆಡ್ ಮೇಡಂ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಹೊಸ ಭಾಗ ಬಂದಾಗ ದಂಡನಾಯಕ ತನ್ನ ಮಾತು ಮುಗಿಸುವ ತನಕ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ ಎಂಬುದು ಸಂಘದ ಪದ್ಧತಿ. ತನ್ನ ಮಾತನ್ನು ಪೂರ್ತಿ ಕೇಳುವವರು ಈ ಭೂಮಿಯ ಮೇಲೆ ಆ ಕೋಣೆಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಕುರ್ಚಿಯ ಮೇಲೆ ಅವನಿಗೆ ಅಷ್ಟು ಪ್ರೀತಿ.

ಟ್ರೇಲರ್‌ನಲ್ಲಿ ಮೊದಲು ನೀರು ಕಂಡಿತು. ಆಮೇಲೂ ನೀರೇ. ಈಗ ಬಯಲು ಬರುತ್ತದೆ, ಈಗ ಕೋಟೆ ಬರುತ್ತದೆ ಎಂದು ಕಾದರೆ, ಬಂದದ್ದು ಒಂದು ಹಡಗು, ಅದರ ತುದಿಯಲ್ಲಿ ತಲೆಬುರುಡೆಯ ಬಾವುಟ, ಅದರ ಕೆಳಗೆ ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹಲ್ಲು ಕಿರಿಯುವ ಕಡಲ್ಗಳ್ಳ. ಕುದುರೆ ಇರಲಿಲ್ಲ ಎನ್ನುವಂತಿಲ್ಲ. ಹಡಗಿನ ಮೂತಿಗೆ ಒಂದನ್ನು ಕೆತ್ತಿದ್ದರು, ಮರದ್ದು.

ಕೆಳಗೆ ಅಭಿಮಾನಿಗಳ ಜಗಳ ಆಗಲೇ ಕುದಿಯುತ್ತಿತ್ತು. "ಕುದುರೆ ಎಲ್ರೀ?" ಎಂದು ಒಬ್ಬ. "ಹಡಗಿಗೆ ಹುಲ್ಲು ಹಾಕ್ಬೇಕಾ, ಹುರುಳಿ ಹಾಕ್ಬೇಕಾ?" ಎಂದು ಇನ್ನೊಬ್ಬ. "ಆರು ಭಾಗ ಧೂಳು ಕುಡಿದಿದ್ದೀವಿ, ಒಂದು ಭಾಗ ನೀರು ಕುಡಿಯೋಣ ಬಿಡ್ರಪ್ಪ" ಎಂದು ಸಮಾಧಾನದವನೊಬ್ಬ. ಇನ್ನೂ ಬಿಡುಗಡೆಯೇ ಆಗದ ಆಟವನ್ನು ತಾನು ಆಡಿ ಮುಗಿಸಿದ್ದೇನೆ, ಕೊನೆ ಚೆನ್ನಾಗಿಲ್ಲ ಎಂದು ಮತ್ತೊಬ್ಬ ಮಹಾನುಭಾವ.

ದಂಡನಾಯಕ ಟ್ರೇಲರನ್ನು ಮತ್ತೊಮ್ಮೆ ಮೊದಲಿನಿಂದ ಹಾಕಿ ಕುದುರೆ ಹುಡುಕಿದ. ಮೊದಲನೆಯ ಭಾಗದಲ್ಲಿ ಸಿಕ್ಕ ಬೂದು ಕುದುರೆಯೊಂದನ್ನು ಅವನು ಭಾಗದಿಂದ ಭಾಗಕ್ಕೆ ಜೋಪಾನವಾಗಿ ದಾಟಿಸಿಕೊಂಡು ಬಂದಿದ್ದ. ಈ ಹಡಗಿನಲ್ಲಿ ಅದನ್ನು ಕಟ್ಟುವುದಾದರೂ ಎಲ್ಲಿ? ಅವನು ಹಲ್ಲು ಕಚ್ಚಿ ಸಂಘದ ಗುಂಪಿಗೆ ಸಂದೇಶ ಕಳಿಸಿದ: "ಇದು ದ್ರೋಹ. ಬಹಿಷ್ಕಾರ! ಸಂಜೆ ಸಭೆ." ತಕ್ಷಣ "ಸರಿ ದಂಡನಾಯಕರೇ", "ಆಗಲಿ ದಂಡನಾಯಕರೇ" ಎಂದು ಉತ್ತರಗಳು ಸಾಲಾಗಿ ಬಂದವು. ಅವನ ಎದೆ ಉಬ್ಬಿತು. ಉಬ್ಬಿದ ಎದೆಗೆ ಕೀಲಿ ಹಿಡಿದ ಕೈ ಅಲುಗಿತು. ಯಂತ್ರ ಕಿರ್ರೆಂದಿತು. ಒಂದು ಲೋಹದ ಚೂರು ಹಾರಿ ಬಂದು ನೆಟ್ಟಗೆ ಎಡಗಣ್ಣಿಗೆ ಬಿತ್ತು.

"ಅಯ್ಯಯ್ಯೋ, ಕಣ್ಣು ಹೋಯ್ತು!"

"ಕಣ್ಣು ಹೋಗಿಲ್ಲ, ಬುದ್ಧಿ ಹೋಗಿರೋದು. ಅದೂ ಇವತ್ತಲ್ಲ" ಎಂದು ಬೈಯುತ್ತಲೇ ಮಾಲೀಕರು ಅವನನ್ನು ಕೈಹಿಡಿದು ಪಕ್ಕದ ಬೀದಿಯ ಕಣ್ಣಿನ ಡಾಕ್ಟರಮ್ಮನ ಹತ್ತಿರ ಬಿಟ್ಟು ಅಂಗಡಿಗೆ ಮರಳಿದರು.

ಡಾಕ್ಟರಮ್ಮ ವಯಸ್ಸಾದವರು, ಮಾತುಗಾರ್ತಿ. ಚೂರನ್ನು ಹಗುರವಾಗಿ ತೆಗೆದು, ಮುಲಾಮು ಹಚ್ಚಿ, ಹತ್ತಿ ಇಟ್ಟು, ಮೇಲೊಂದು ಪಟ್ಟಿ ಕಟ್ಟಿ ಕನ್ನಡಿ ತೋರಿಸಿದರು. ದಂಡನಾಯಕ ಕನ್ನಡಿ ನೋಡಿ ಕಿಟಾರನೆ ಕಿರುಚಿದ. ಪಟ್ಟಿ ಕಪ್ಪಗಿತ್ತು.

"ಡಾಕ್ಟ್ರಮ್ಮ, ಬಿಳೀದು ಕೊಡಿ!"

"ಬಿಳೀದು ಖಾಲಿ. ಕಪ್ಪಾದ್ರೆ ಏನು, ಕೊಳೆ ಕಾಣಲ್ಲ."

"ನೀಲಿ? ಹಸಿರು?"

"ಮಕ್ಕಳದ್ದಿದೆ, ಬಾತುಕೋಳಿ ಚಿತ್ರದ್ದು."

"ಅದನ್ನೇ ಕಟ್ಟಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಬಾತುಕೋಳಿಯ ಪಟ್ಟಿ ಅವನ ತಲೆಯ ಸುತ್ತಳತೆಗೆ ಸಾಲಲಿಲ್ಲ, ಕಪ್ಪೇ ಉಳಿಯಿತು. "ನಾಳೆ ಬೆಳಿಗ್ಗೆವರೆಗೂ ಮುಟ್ಟಬೇಡಿ. ಗಾಳಿ ಸೋಕಿದ್ರೆ ಕಣ್ಣು ಹುಣ್ಣಾಗುತ್ತೆ" ಎಂದು ಹೆದರಿಸಿ ಡಾಕ್ಟರಮ್ಮ ಕಳಿಸಿಕೊಟ್ಟರು.

ಒಂದೇ ಕಣ್ಣಿನವನಿಗೆ ಮೆಟ್ಟಿಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಆಸ್ಪತ್ರೆಯ ಕೊನೆಯ ಮೆಟ್ಟಿಲಲ್ಲಿ ದಂಡನಾಯಕ ಇಲ್ಲದ ಮೆಟ್ಟಿಲೊಂದನ್ನು ಇಳಿಯಲು ಹೋಗಿ ಕಾಲು ಉಳುಕಿಸಿಕೊಂಡ. ಕೆಳಗಿನ ಔಷಧಿ ಅಂಗಡಿಯ ಹೆಂಗಸು ಓಡಿ ಬಂದು, ಉಪಕಾರ ಮಾಡದೆ ಬಿಡುವುದಿಲ್ಲ ಎಂಬಂತೆ, ತನ್ನ ಅಂಗಡಿಯ ಷಟರ್ ಎಳೆಯುವ ಕೋಲನ್ನೇ ತಂದು ಅವನ ಕೈಗಿಟ್ಟಳು. "ಊರ್ಕೊಂಡು ಹೋಗಣ್ಣ. ಅಂಗಡಿ ಮುಚ್ಚೋದು ರಾತ್ರಿಗೆ, ಅಷ್ಟರೊಳಗೆ ತಂದ್ಕೊಡು." ಕೋಲಿನ ತುದಿಗೆ ಇಷ್ಟು ದೊಡ್ಡ ಕಬ್ಬಿಣದ ಕೊಕ್ಕೆ ಇತ್ತು.

ಕಪ್ಪು ಪಟ್ಟಿ, ಕುಂಟು ಕಾಲು, ಕೈಯಲ್ಲಿ ಕೊಕ್ಕೆ. ಹೀಗೆ ಸರ್ವಾಲಂಕೃತನಾಗಿ ದಂಡನಾಯಕ ಬೀದಿಗೆ ಬಂದ.

ಅವನ ಅಂಗಡಿಯ ಎದುರಿಗೆ ದರ್ಜಿಯ ಅಂಗಡಿ. ಊರಿನ ಸುದ್ದಿಯನ್ನೆಲ್ಲ ಅಳತೆ ತೆಗೆಯುವುದು ಈ ದರ್ಜಿಯ ಉಪಕಸುಬು. "ಅಬ್ಬಬ್ಬಾ! ಭುಜದ ಮೇಲೊಂದು ಗಿಳಿ ಕೂರಿಸ್ಕೊಂಡ್ಬಿಟ್ರೆ ಮುಗೀತು ನೋಡಿ!" ಎಂದು ಕೂಗಿ ಅವನು ಫೋಟೊ ಹೊಡೆದೇಬಿಟ್ಟ. ಫೋಟೊ ಅಳಿಸಿಬಿಡಿ ಎಂದು ದಂಡನಾಯಕ ಅಂಗಲಾಚಿದ. ಏಕೆಂದರೆ ಸಂಘದಲ್ಲಿದ್ದ ಬ್ಯಾಂಕಿನ ಕ್ಯಾಷಿಯರ್ ಈ ದರ್ಜಿಯ ಭಾಮೈದ.

ಅಂಗಡಿಗೆ ಬಂದು ಕೂರುವಷ್ಟರಲ್ಲಿ ಕ್ಯಾಷಿಯರ್‌ನ ಫೋನ್ ಬಂತು.

"ದಂಡನಾಯಕರೇ, ಫೋಟೊ ನೋಡ್ದೆ."

"ಅದು ಹಾಗಲ್ಲ, ಕೇಳಿಲ್ಲಿ..."

"ಏನೂ ಹೇಳ್ಬೇಡಿ. ಎಲ್ಲಾ ಅರ್ಥ ಆಯ್ತು. ಸಂಜೆ ಸಿಗೋಣ." ಫೋನ್ ಕಟ್ಟಾಯಿತು.

ಬೆಳಿಗ್ಗೆ ತಾನೇ ಬಹಿಷ್ಕಾರ ಎಂದು ಗುಡುಗಿದವನು ಮಧ್ಯಾಹ್ನದೊಳಗೆ ಕಡಲ್ಗಳ್ಳನಾಗಿ ಬೀದಿಯಲ್ಲಿ ಮೆರೆದರೆ ಯಾರು ತಾನೆ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ? ದಂಡನಾಯಕ ಅಂಗಡಿಯ ಬಾಗಿಲಲ್ಲೇ ಕೂತು ಬೆವರಿದ. ಎದುರಿಗೆ ಬಸ್ಸು ಹಾದುಹೋಯಿತು. ಸಂಘದ ಡ್ರೈವರ್ ಅವನನ್ನು ಕಂಡು ಬಸ್ಸು ನಿಧಾನ ಮಾಡಿ ಕೈಯನ್ನು ಹಣೆಗೆ ತಂದ. ಸಲಾಮು ಹೊಡೆದನೋ, ಹಣೆ ಚಚ್ಚಿಕೊಂಡನೋ, ಒಂದು ಕಣ್ಣಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕ್ಯಾಷಿಯರ್ ಬಂದು ದರ್ಜಿಯ ಅಂಗಡಿಗೆ ನುಗ್ಗಿದ. ಇವನನ್ನು ನೋಡಿ ಮುಖ ತಿರುಗಿಸಿಕೊಂಡ.

ಊಟಕ್ಕೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳು.

"ಅಷ್ಟು ಚಿಂತೆ ಯಾಕ್ರೀ? ಫೋನ್ ಮಾಡಿ ನಡೆದಿದ್ದು ಹೇಳ್ಬಿಡಿ."

"ಫೋನಲ್ಲಿ ಹೇಳಿದ್ರೆ ನೆಪ ಅಂತಾರೆ ಕಣೇ. ಸಾಕ್ಷಿ ಬೇಕು, ಗಟ್ಟಿ ಸಾಕ್ಷಿ."

"ಒಂದು ಕುರ್ಚಿಗೋಸ್ಕರ ಇಷ್ಟೊಂದಾ?"

"ನಿನಗೆ ಗೊತ್ತಾಗಲ್ಲ. ನಾನು ಒಳಗೆ ಬಂದ್ರೆ ಹೆಡ್ ಮೇಡಂ ಎದ್ದು ನಿಲ್ತಾರೆ. ಮಂಡಿನೋವು ಇಟ್ಕೊಂಡು ಎದ್ದು ನಿಲ್ತಾರೆ."

ಹೆಂಡತಿ ಮತ್ತೆ ನಗಲಿಲ್ಲ.

ಸಂಜೆ ಅವನು ಕುಂಟುತ್ತ ಡಾಕ್ಟರಮ್ಮನ ಹತ್ತಿರ ಹೋಗಿ, ಕಣ್ಣಿಂದ ತೆಗೆದ ಚೂರನ್ನು ವಾಪಸ್ ಕೊಡಿ ಎಂದು ಕೇಳಿದ. "ಅದು ಕಸದ ಬುಟ್ಟಿಗೆ ಹೋಗಿ ಎಷ್ಟು ಹೊತ್ತಾಯ್ತು!" ಎಂದ ಡಾಕ್ಟರಮ್ಮ, ಕಥೆಯನ್ನೆಲ್ಲ ಕೇಳಿ, ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿದರು. "ಲಾಂಡ್ರಿ ನನ್ನ ಮನೆ ದಾರೀಲೇ ಇದೆ. ನಾನೇ ಬಂದು ಹೇಳ್ತೀನಿ, ನಡೀರಿ. ಬೆಳಿಗ್ಗೆಯಿಂದ ನನಗೂ ಬೇಜಾರು."

ಕೋಣೆಯ ತುಂಬ ಜನ. ಗೋಡೆಯ ಟೀವಿಯಲ್ಲಿ ಸದ್ದಿಲ್ಲದೆ ಆ ಟ್ರೇಲರ್ ಓಡುತ್ತಿತ್ತು. ದಂಡನಾಯಕ ಕೊಕ್ಕೆಗೋಲು ಊರಿಕೊಂಡು ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ದಡಬಡಿಸಿ ಎದ್ದು ನಿಂತರು. ಕ್ಯಾಷಿಯರ್ ಬಾಯಿ ತೆರೆಯಲು ಹೋದ.

"ಮೊದಲು ನಾನು!" ಎಂದು ದಂಡನಾಯಕ ಕೋಲು ಕುಟ್ಟಿದ. ಪದ್ಧತಿ ಪದ್ಧತಿಯೇ. ಕ್ಯಾಷಿಯರ್ ಬಾಯಿ ಮುಚ್ಚಿಕೊಂಡ.

ಅಂದು ದಂಡನಾಯಕ ಮಾತಾಡಿದ ಹಾಗೆ ಎಂದೂ ಮಾತಾಡಿರಲಿಲ್ಲ. ಹಾರಿದ ಚೂರನ್ನು ಹೇಳಿದ, ಖಾಲಿಯಾದ ಬಿಳಿ ಪಟ್ಟಿಯನ್ನು ಹೇಳಿದ, ಬಾತುಕೋಳಿಯನ್ನೂ ಬಿಡಲಿಲ್ಲ. ಕಡಲ್ಗಳ್ಳರನ್ನು ಬಾಯಿಗೆ ಬಂದಂತೆ ಬೈದ. ಬೂದು ಕುದುರೆಯ ಮಾತು ಬಂದಾಗ ಇದ್ದೊಂದು ಕಣ್ಣಲ್ಲಿ ನೀರು ತಂದುಕೊಂಡ. "ಹಡಗಿಗೆ ಕಾಲಿಡೋ ಆಸಾಮಿ ನಾನಲ್ಲ! ಬೇಕಾದ್ರೆ ಡಾಕ್ಟ್ರಮ್ಮನನ್ನೇ ಕೇಳಿ!"

"ಅವರು ಹೇಳಿದ್ದು ಅಕ್ಷರಶಃ ನಿಜ" ಎಂದರು ಡಾಕ್ಟರಮ್ಮ. ಅವರ ಕಣ್ಣು ಮಾತ್ರ ಟೀವಿಯ ಮೇಲಿತ್ತು.

"ಈಗಲಾದ್ರೂ ನಂಬ್ತೀರಾ?"

ಹೆಡ್ ಮೇಡಂ ಮೆಲ್ಲಗೆ ಕೂತುಬಿಟ್ಟರು. "ನಂಬಿದ್ವಪ್ಪ, ಪೂರ್ತಿ ನಂಬಿದ್ವಿ" ಎಂದರು, ಮನೆಯಲ್ಲಿ ಏನೋ ಅಶುಭ ನಡೆದವರ ಹಾಗೆ.

ಕ್ಯಾಷಿಯರ್ ಜೇಬಿಗೆ ಕೈಹಾಕಿ ಒಂದು ಕಪ್ಪು ಪಟ್ಟಿ ತೆಗೆದ. ಡ್ರೈವರ್ ಒಂದು ತೆಗೆದ. ಹೆಡ್ ಮೇಡಂ ವ್ಯಾನಿಟಿ ಬ್ಯಾಗಿನಿಂದ ಮಡಿಸಿಟ್ಟ ಇನ್ನೊಂದು ತೆಗೆದರು. ಎಲ್ಲವೂ ದರ್ಜಿಯ ಕೈಕೆಲಸ, ಮಧ್ಯಾಹ್ನ ಅವಸರದಲ್ಲಿ ಹೊಲಿಸಿದವು.

"ನಮಗೆಲ್ಲ ಹಡಗು ತುಂಬಾ ಹಿಡಿಸಿತ್ತು ದಂಡನಾಯಕರೇ" ಎಂದ ಕ್ಯಾಷಿಯರ್. "ಬೆಳಿಗ್ಗೆ ನೀವು ಬಹಿಷ್ಕಾರ ಅಂದ್ರಿ, ಎದುರು ಹೇಳೋಕೆ ಧೈರ್ಯ ಬರ್ಲಿಲ್ಲ. ಆಮೇಲೆ ನಿಮ್ಮ ಫೋಟೊ ನೋಡಿ ಕುಣಿದಾಡ್ಬಿಟ್ವಿ. ನಿಮ್ಮನ್ನೇ ಹಡಗಿನ ಕ್ಯಾಪ್ಟನ್ ಮಾಡ್ಬೇಕು, ಅಲ್ಲೀವರೆಗೆ ಬಾಯಿ ಬಿಡಬಾರ್ದು ಅಂತ ಮಾತಾಡ್ಕೊಂಡಿದ್ವಿ."

"ನಾನು... ಅಂದ್ರೆ, ಹಡಗೂ ಒಂದು ರೀತಿಯಲ್ಲಿ..." ಎಂದು ದಂಡನಾಯಕ ತೊದಲಿದ. ಆದರೆ ಆಡಿದ ಮಾತಿಗೆ ಅಷ್ಟೂ ಜನ ಸಾಕ್ಷಿ, ಜೊತೆಗೆ ಅವನೇ ಕರೆತಂದ ಡಾಕ್ಟರು ಬೇರೆ.

"ಬೇಡ ದಂಡನಾಯಕರೇ" ಎಂದ ಡ್ರೈವರ್, ಮರ್ಯಾದೆಯಿಂದಲೇ. "ನಿಮ್ಮಂಥ ನಿಯತ್ತಿನವರನ್ನ ನಮಗೋಸ್ಕರ ಕೆಡಿಸಿದ ಪಾಪ ನಮಗೆ ಬೇಡ."

ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಪಟ್ಟಿ ಕಣ್ಣಿಗೆ ಕಟ್ಟಿಕೊಂಡರು. ಅಷ್ಟರಲ್ಲಿ ಡಾಕ್ಟರಮ್ಮ ಟೀವಿಯಿಂದ ಕಣ್ಣು ಕಿತ್ತು ತಿರುಗಿದರು. "ಇದೇನ್ರೀ ಹೀಗೆ ಕಟ್ಕೊಂಡಿದ್ದೀರಿ? ದಾರ ಕಿವಿ ಮೇಲೆ ಬರ್ಬೇಕು. ತಡೀರಿ." ಒಬ್ಬೊಬ್ಬರ ಪಟ್ಟಿಯನ್ನೂ ಬಿಚ್ಚಿ ಸರಿಯಾಗಿ ಕಟ್ಟಿದರು. ಕಟ್ಟುತ್ತ ಹಡಗು ತಿರುಗಿಸುವುದು ಹೇಗೆ, ಫಿರಂಗಿಗೆ ಎಷ್ಟು ಮದ್ದು ಎಂದೆಲ್ಲ ಕೇಳಿದರು. ಕೊನೆಗೆ ಸುಸ್ತಾಗಿ ಹತ್ತಿರವಿದ್ದ ಕುರ್ಚಿಯಲ್ಲಿ ಕೂತರು. ಅದಕ್ಕೆ ಕೈಯಿತ್ತು. ಯಾರೂ ಬೇಡವೆನ್ನಲಿಲ್ಲ. ಕ್ಯಾಷಿಯರ್ "ಕ್ಯಾಪ್ಟನ್!" ಎಂದ, ಕೋಣೆಯೆಲ್ಲ ಚಪ್ಪಾಳೆ ತಟ್ಟಿತು, ಹೆಡ್ ಮೇಡಂ ಮಂಡಿ ಹಿಡಿದುಕೊಂಡು ಎದ್ದು ನಿಂತರು.

ದಂಡನಾಯಕ ಕೋಲು ಊರಿಕೊಂಡು ಸದ್ದಿಲ್ಲದೆ ಬಾಗಿಲ ಕಡೆ ಹೊರಟ. ಹಿಂದಿನಿಂದ ಡಾಕ್ಟರಮ್ಮನ ದನಿ ಕೇಳಿತು.

"ಇವರೆಲ್ಲ ಮನೆಗೆ ಹೋಗೋವಾಗ ಬಿಚ್ಕೋತಾರೆ. ನೀವು ಮಾತ್ರ ಪಟ್ಟಿ ತೆಗೀಬೇಡಿ ಮತ್ತೆ!"