ಬಾವಿಯಿಂದ ನಾನು ಉಳಿಸಿದ ಆರು ನಾಯಕಿಯರು

ಹೊಸ ಕಾದಂಬರಿಯೊಂದು ಹಿಡಿಸದಿದ್ದರೆ ಓದುಗರು ಏನು ಮಾಡುತ್ತಾರೆ? ಕೆಲವರು ಅರ್ಧಕ್ಕೆ ಮುಚ್ಚಿಡುತ್ತಾರೆ, ಕೆಲವರು ಪತ್ರಿಕೆಗೆ ಬರೆಯುತ್ತಾರೆ, ಸಂಕೋಚದವರು ಯಾರದಾದರೂ ಮದುವೆಯಲ್ಲಿ ಉಡುಗೊರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು ಪ್ರಾಯದಲ್ಲಿ ಬೇರೆಯದೇ ದಾರಿ ಹಿಡಿದಿದ್ದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಾನು ಕಲಿತ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಕನ್ಫೆಶನ್ನಿಗೆ ಸಾಲು ನಿಲ್ಲುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮಂಥವರಿಗೆ ಆ ಸೌಲಭ್ಯವಿರಲಿಲ್ಲ. ಪಾಪಗಳನ್ನು ಒಳಗೇ ಇಟ್ಟುಕೊಂಡು ಹೋಮ್‌ವರ್ಕ್ ಮಾಡುತ್ತಿದ್ದೆವು. ಅಂದು ತಪ್ಪಿದ ಕನ್ಫೆಶನ್ ಇದು, ಈ ವಯಸ್ಸಿನಲ್ಲಿ.

ನಿಜಾಮರ ಕಾಲ. ನನ್ನ ತಂದೆ ಕಲಬುರಗಿಯಲ್ಲಿ ವಕೀಲರು. ಕೋರ್ಟಿನಲ್ಲಿ ಉರ್ದು, ಅಂಗಡಿಯಲ್ಲಿ ಮರಾಠಿ, ಕಾನ್ವೆಂಟಿನಲ್ಲಿ ಇಂಗ್ಲಿಷ್. ಉಳಿದದ್ದೇನಾದರೂ ಇದ್ದರೆ ಕನ್ನಡ ಎಂಬ ಸ್ಥಿತಿಯಲ್ಲಿ, ಅಜ್ಜಿಯ ಪಕ್ಕದಲ್ಲಿ ಕುಳಿತು ನಾನು ಕನ್ನಡ ಓದಲು ಕಲಿತೆ. ಹದಿನೆಂಟಕ್ಕೆ ಮದುವೆಯಾಯಿತು. ಗಂಡ ಕಲಬುರಗಿಯ ಕಚೇರಿಯಲ್ಲಿ ಗುಮಾಸ್ತ, ರೋಜಾ ದರ್ಗಾದ ಹತ್ತಿರ ಒಂದು ಕೋಣೆಯಲ್ಲಿ ಬಾಡಿಗೆಗಿದ್ದರು. ಮನೆ ಸಿಗುವತನಕ ಕಮಲಾಪುರದಲ್ಲಿ ಅತ್ತೆ ಮಾವನ ಹತ್ತಿರ ಇರು ಅಂದರು. ಮನೆ ಸಿಗಲು ಎರಡು ವರ್ಷ ಹಿಡಿಯಿತು. ಅಷ್ಟು ಸಾವಕಾಶವಾಗಿ ಮನೆ ಹುಡುಕಿದ ಮನುಷ್ಯ ಇಡೀ ಸಂಸ್ಥಾನದಲ್ಲಿ ಇನ್ನೊಬ್ಬನಿರಲಿಲ್ಲ.

ಆದರೂ ಒಂದು ಒಳ್ಳೆಯ ಕೆಲಸ ಮಾಡುತ್ತಿದ್ದರು. ಆಗ ಶುಕ್ರವಾರ ರಜೆ; ಗುರುವಾರ ಸಂಜೆಯ ಮೋಟಾರಿಗೆ ಬರುವಾಗ, ಧಾರವಾಡದ ಕಡೆಯಿಂದ ಸಂಸ್ಥಾನದ ಗಡಿ ದಾಟಿ ರೈಲಿನಲ್ಲಿ ಬಂದ ಹೊಸ ಪುಸ್ತಕಗಳನ್ನು ಸ್ಟೇಶನ್ ಬಜಾರದಿಂದ ಬಿಡಿಸಿಕೊಂಡು ತರುತ್ತಿದ್ದರು. ಒಮ್ಮೆ ಸ್ಟೇಶನ್ನಿನ ಸುಂಕದವನು ಕನ್ನಡ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, "ಇಸ್‌ಮೇ ಕ್ಯಾ ಹೈ ಜೀ?" ಇದರಲ್ಲೇನಿದೆ ಎಂದು ಸಂಶಯದಿಂದ ಕೇಳಿದನಂತೆ. ಇವರು, "ಔರತಾಂ ಪಢ್ಕೆ ರೋತೇ ಸಾಬ್," ಹೆಂಗಸರು ಓದಿ ಅಳುವ ಪುಸ್ತಕ, ಅಂದರಂತೆ. ಅವನು ಕೂಡಲೇ ಬಿಟ್ಟುಕೊಟ್ಟ. ನಮ್ಮ ಸಾಹಿತ್ಯದ ಬಗ್ಗೆ ನನ್ನ ಗಂಡ ಕೊಟ್ಟ ಒಂದೇ ಒಂದು ಅಭಿಪ್ರಾಯ ಅದು. ಅದು ಎಷ್ಟು ಕರೆಕ್ಟ್ ಎಂದು ನನಗೆ ಆಗ ತಿಳಿಯಲಿಲ್ಲ.

ಕಮಲಾಪುರದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅತ್ತೆಯವರು ಜೋಳ ಹಸನು ಮಾಡುತ್ತ ಕೂಡುತ್ತಿದ್ದರು. ಪಕ್ಕದ ಮನೆಯ ದರ್ಜಿಯ ಹೆಂಡತಿ ಖಾಸಿಂಬಿ ಗುಂಡಿ ಹಚ್ಚುವ ಅಂಗಿಗಳನ್ನು ಹೊತ್ತುಕೊಂಡು ಬರುತ್ತಿದ್ದಳು. ಇಬ್ಬರಿಗೂ ಓದು ಬರದು. ನಾನು ಒಬ್ಬಳೇ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತದ್ದನ್ನು ನೋಡಿ ಅತ್ತೆಯವರೇ, "ಬಾಯಾಗ ಏನ್ ನುಂಗಾಕತ್ತಿ? ಜೋರಾಗಿ ಓದು, ನಮಗೂ ಕೇಳಲಿ," ಅಂದರು. ಹೊರಗಿನ ಪಡಸಾಲೆಯಲ್ಲಿ ತೊಗರಿಯ ವ್ಯಾಪಾರ ಮಾತಾಡುತ್ತಿದ್ದ ಮಾವನವರು ಅದಕ್ಕೊಂದು ಕಾನೂನು ಹಾಕಿದರು. "ಮಠದಾಗ ಪುರಾಣ ಓದೋರು ಒಂದ ಅಕ್ಷರ ಬಿಡಂಗಿಲ್ಲ, ಒಂದ ಅಕ್ಷರ ಕೂಡಸಂಗಿಲ್ಲ. ಹಂಗ ಓದೂದಿದ್ರ ಓದವಾ. ಸೊಸಿ ಮನ್ಯಾಗ ಕುಂತು ಕಥಿ ಕಟ್ಟತಾಳ ಅಂತ ನಾಕ ಮಂದಿ ಅಂದ್ರ ಅವತ್ತೇ ಪುಸ್ತಕ ಬಂದ್." ನಾನು ತಲೆ ಅಲ್ಲಾಡಿಸಿದೆ. ಆ ಊರಿನಲ್ಲಿ ನನಗಿದ್ದ ಸುಖವೆಂದರೆ ಆ ಎರಡು ತಾಸು ಒಂದೇ. ಅದು ಹೋದರೆ ಉಳಿಯುವುದು ಗುರುವಾರದ ಮೋಟಾರಿನ ಹಾದಿ ಕಾಯುವುದು, ಅಷ್ಟೇ.

ಮೊದಲು ಪೊಯೆಟ್ರಿಯಿಂದ ಶುರು ಮಾಡಿದೆ, ಕಾನ್ವೆಂಟಿನವಳಲ್ಲವೇ. ಆಗಷ್ಟೇ ಅಚ್ಚಾಗಿ ಬಂದ ಒಂದು ಕವನ ಸಂಕಲನ. ಕವಿ ಬೆಳದಿಂಗಳಲ್ಲಿ ನಿಂತು ನಲ್ಲೆಯನ್ನು ಕರೆಯುತ್ತಾನೆ.

"ಯಾರ್ನ ಕರ್ಯಾಕತ್ತಾನ?" ಅತ್ತೆಯವರು ಕೇಳಿದರು.

"ಹೆಂಡತಿ ಇರಬೇಕ್ರಿ ಅತ್ತಿ."

"ಬಂದಳೇನು?"

"ಇನ್ನೂ ಇಲ್ರಿ."

ಎರಡನೆಯ ಕವನದಲ್ಲೂ ಕರೆದ. ಮೂರನೆಯದರಲ್ಲಿ ಹೊಳೆದಂಡೆಗೆ ಹೋಗಿ ಕರೆದ. ಐದನೆಯದಕ್ಕೆ ಅತ್ತೆಯವರು ಮೊರ ಕೆಳಗಿಟ್ಟು, "ಅಕಿಗಿ ಮನಸಿಲ್ಲವಾ. ಬಿಟ್ಟಬಿಡು ಅನ್ನು ಅವಗ," ಅಂದರು. ಆ ಕವಿ ಮುಂದೆ ಬಹಳ ದೊಡ್ಡವರಾದರು. ಅವರ ಮೇಲೆ ಪ್ರೊಫೆಸರುಗಳು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಆ ಮಾತಿನಷ್ಟು ಮುಟ್ಟುವಂಥದ್ದು ಇನ್ನೂ ಕಣ್ಣಿಗೆ ಬಿದ್ದಿಲ್ಲ.

ಹೀಗಾಗಿ ಕಾದಂಬರಿಗೆ ಬಂದೆವು. ಆ ಕಾಲದ ಹೊಸ ಕಾದಂಬರಿಗಳೆಲ್ಲ ಸುಧಾರಣೆಯ ಕಾದಂಬರಿಗಳು. ಒಬ್ಬ ಬಡ ವಿಧವೆ ಅಥವಾ ಗಂಡ ಬಿಟ್ಟ ಹುಡುಗಿ. ಆಕೆಗೆ ಕಷ್ಟದ ಮೇಲೆ ಕಷ್ಟ. ಸಮಾಜ ಸುಧಾರಿಸಲಿ ಎಂದು ಕೊನೆಗೆ ಆಕೆ ಬಾವಿಗೆ ಬೀಳುತ್ತಾಳೆ. ಮೊದಲನೆಯದನ್ನು ಓದುತ್ತ ಕೊನೆಯ ಅಧ್ಯಾಯಕ್ಕೆ ಬಂದಾಗ ನನ್ನ ಕಣ್ಣು ಎರಡು ಸಾಲು ಮುಂದೆ ಓಡಿ, ಆಕೆ ಸೆರಗು ಬಿಗಿದು ಬಾವಿಕಟ್ಟೆ ಹತ್ತಿದ್ದನ್ನು ನೋಡಿತು. ನನಗೆ ತಡೆಯದ ಸಿಟ್ಟು ಬಂತು. ಇದೇ ಲೇಖಕರು ಮೂರನೆಯ ಅಧ್ಯಾಯದಲ್ಲಿ ಸೊಲ್ಲಾಪುರದಲ್ಲಿ ಒಬ್ಬ ಚಿಕ್ಕಮ್ಮನನ್ನು ಇಟ್ಟಿದ್ದರು, ಐದನೆಯದರಲ್ಲಿ ರೈಲು ಓಡಿಸಿದ್ದರು. ಕೊನೆಗೆ ಬರುವ ಹೊತ್ತಿಗೆ ಅವರಿಗೆ ರೈಲೂ ಮರೆತಿತ್ತು, ಚಿಕ್ಕಮ್ಮನೂ ಮರೆತುಹೋಗಿದ್ದಳು. ಬಾವಿ ಒಂದೇ ನೆನಪಿತ್ತು.

ಬಾಯಿ ತನ್ನಷ್ಟಕ್ಕೆ ಪುಸ್ತಕದಲ್ಲಿಲ್ಲದ್ದನ್ನು ಓದತೊಡಗಿತು. "ಅಷ್ಟರಲ್ಲಿ ಹಿಂದಿನಿಂದ ಯಾರೋ ಆಕೆಯ ಮುಂಗೈ ಹಿಡಿದರು. ತಿರುಗಿ ನೋಡಿದರೆ ಎತ್ತರದ, ಬಿಳಿಯ ಬಟ್ಟೆಯ, ಕರಿಯ ಛತ್ರಿ ಹಿಡಿದ ಹೆಂಗಸು." ನಮ್ಮ ಕಾನ್ವೆಂಟಿನ ದೊಡ್ಡ ಸಿಸ್ಟರ್ ಅದು, ಅವರ ಛತ್ರಿಯ ಸಮೇತ. ಕಾದಂಬರಿಯಲ್ಲೂ ಅವರು ಹರಕುಮುರುಕು ಕನ್ನಡದಲ್ಲೇ ಮಾತಾಡಿದರು. "ಬಾವಿ ನೀರು ತೆಗೆಯಲಿಕ್ಕೆ ಇದೆ ಮಗು, ಬೀಳಲಿಕ್ಕೆ ಅಲ್ಲ" ಎಂದು ಗದರಿಸಿ, ಹುಡುಗಿಯನ್ನು ರೈಲಿಗೆ ಹತ್ತಿಸಿ, ಟೀಚರ್ಸ್ ಟ್ರೇನಿಂಗಿಗೆ ಸೇರಿಸಿಬಿಟ್ಟರು. ಖಾಸಿಂಬಿ ಉಸಿರು ಬಿಟ್ಟು ಸೂಜಿಗೆ ದಾರ ಪೋಣಿಸಿಕೊಂಡಳು.

ಒಂದು ಸಲಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ಎರಡನೆಯ ಕಾದಂಬರಿಯಲ್ಲೂ ಬಾವಿ ಬಂತು, ಅಲ್ಲಿಗೂ ಸಿಸ್ಟರ್ ಬಂದರು. ಮೂರು, ನಾಲ್ಕು, ಐದು. ಬೇರೆ ಬೇರೆ ಊರಿನ, ಒಬ್ಬರ ಮುಖ ಒಬ್ಬರು ನೋಡದ ಲೇಖಕರ ಪುಸ್ತಕಗಳಲ್ಲಿ ಅದೇ ಹೆಂಗಸು ಅದೇ ಛತ್ರಿ ಹಿಡಿದು ಹೇಗೆ ಬರುತ್ತಾಳೆ ಎಂದು ಅವರಿಬ್ಬರೂ ಕೇಳಲಿಲ್ಲ. ಹೆಸರು ಮಾತ್ರ ಇಟ್ಟುಕೊಂಡರು. ನಾಯಕಿಗೆ ಕಷ್ಟ ಶುರುವಾದರೆ ಸಾಕು, ಖಾಸಿಂಬಿ, "ಛತ್ರಿಬಾಯಿ ಇನ್ನಾ ಬಂದಿಲ್ಲೇನ್ರೀ ಅಕ್ಕಾ?" ಅನ್ನುತ್ತಿದ್ದಳು.

ಆರನೆಯ ಕಾದಂಬರಿ ನಮ್ಮವರದೇ. ಅತ್ತೆಯವರ ಅಣ್ಣನ ಮಗ ರಾಚಪ್ಪ, ಗಡಿಯಾಚೆ ಬ್ರಿಟಿಷರ ಮುಲುಕಿನಲ್ಲಿ ಮಾಸ್ತರಿಕೆ ಮಾಡುತ್ತ ಬರೆದದ್ದು. ಅವರ ಮೊಮ್ಮಕ್ಕಳು ಇದ್ದಾರೆ, ಆದ್ದರಿಂದ ಪುಸ್ತಕದ ಹೆಸರು ಹೇಳುವುದಿಲ್ಲ. ನಾಯಕಿ ಸುಭದ್ರೆ. ರಾಚಪ್ಪನವರು ಆಕೆಯನ್ನು ಎರಡೂವರೆ ಪುಟ ಬಾವಿಯೊಳಗೆ ಬೀಳಿಸಿದ್ದರು. ಬೀಳುವಾಗ ಆಕೆ ದೇಶದ ಸ್ಥಿತಿಯ ಬಗ್ಗೆ ಮಾತಾಡುತ್ತಾಳೆ. ಅಷ್ಟು ಆಳದ ಬಾವಿ ನಮ್ಮ ಕಡೆ ಇಲ್ಲ. ನಾನು ಎಂದಿನಂತೆ ಛತ್ರಿಬಾಯಿಯನ್ನು ಕಳಿಸಿ, ಸುಭದ್ರೆಯನ್ನು ಹೆಡ್‌ಮಿಸ್ಟ್ರೆಸ್ ಮಾಡಿ ಪುಸ್ತಕ ಮುಚ್ಚಿದೆ. ಮರುವಾರ ಕಾರ್ಡು ಬಂತು: ರಾಚಪ್ಪನವರು ಅತ್ತೆಯನ್ನು ನೋಡಲು ಕಮಲಾಪುರಕ್ಕೆ ಬರುತ್ತಿದ್ದಾರೆ, ಪುಸ್ತಕದ ಬಗ್ಗೆ ಎಲ್ಲರ ಅಭಿಪ್ರಾಯ ಕೇಳಬೇಕಂತೆ.

ಬರುವ ದಿನದವರೆಗೆ ನನಗೆ ಅನ್ನ ಸೇರಲಿಲ್ಲ. ಬಂದರು. ಪಡಸಾಲೆಯಲ್ಲಿ ಮಾವನವರ ಪಕ್ಕ ಕೂತರು. ಅತ್ತೆಯವರು ತಟ್ಟೆಯಲ್ಲಿ ನಮ್ಮೂರ ಕೆಂಪು ಬಾಳೆಹಣ್ಣು ಇಟ್ಟರು. ಅವರು ಒಂದು ಸುಲಿಯುವಷ್ಟರಲ್ಲಿ ಖಾಸಿಂಬಿ ಬಾಗಿಲ ಮರೆಯಿಂದ, "ಮಾಸ್ತರ್ ಸಾಬ್, ನಿಮ್ ಛತ್ರಿಬಾಯಿ ಯಾವೂರಾಕೀರಿ?" ಎಂದು ಕೇಳೇಬಿಟ್ಟಳು.

"ಯಾವ ಬಾಯಿ?" ಅಂದರು ರಾಚಪ್ಪ.

"ಅದ್ರೀ, ಸುಭದ್ರವ್ವನ್ನ ಬಾವಿಯಿಂದ ಎಳದಾಳಲ್ರೀ."

ರಾಚಪ್ಪನವರ ಕೈಯ ಹಣ್ಣು ಬಾಯಿಯ ಹತ್ತಿರ ನಿಂತಿತು. ಮಾವನವರು ಲೆಕ್ಕದ ಪುಸ್ತಕದಿಂದ ಕಣ್ಣೆತ್ತಿ ಮೊದಲು ಅವರನ್ನು, ಆಮೇಲೆ ನನ್ನನ್ನು ನೋಡಿದರು. ಆಗ ಅತ್ತೆಯವರು ಎದ್ದು ಬಂದು ಅಣ್ಣನ ಮಗನ ಬೆನ್ನ ಮೇಲೆ ಕೈಯಾಡಿಸಿ ಅಂದರು: "ಏ ರಾಚಾ, ಊರ ಮಂದಿ ಎಲ್ಲಾ ನಿನ್ನ ಛತ್ರಿಬಾಯಿನ್ನ ಹೊಗಳಾಕತ್ತದ. ಅಂಥಾ ಹೆಂಗಸನ್ನ ಬರದಾಂವಾ ನಮ್ಮ ಮನಿತನದಾಗ ಇನ್ನೊಬ್ಬಾಂವ ಇಲ್ಲ. ನೀನ ಬರದಿಯಿಲ್ಲೋ?"

ಲೇಖಕರ ಬಗ್ಗೆ ನಾನು ಅಂದು ಒಂದು ಸಂಗತಿ ಕಲಿತೆ. ರಾಚಪ್ಪನವರು ನನ್ನನ್ನು ನೋಡಿದರು, ಖಾಸಿಂಬಿಯ ಮುಖದ ಭಕ್ತಿಯನ್ನು ನೋಡಿದರು, ಹಣ್ಣು ನುಂಗಿದರು. "ಹೂಂ ಅತ್ತಿ, ನಾನ ಬರದೀನಿ. ಆ ಪಾತ್ರಕ್ಕ ಭಾಳ ತ್ರಾಸ ತಗೊಂಡೀನಿ," ಅಂದರು. ಮಾವನವರು ಮತ್ತೆ ತೊಗರಿಗೆ ಮರಳಿದರು. ಹೊರಡುವಾಗ ರಾಚಪ್ಪನವರು ಮೆಲ್ಲಗೆ, "ವೈನಿ, ನೀವು ಕಾನ್ವೆಂಟ್ ಕಲತವರು. ನಿಮ್ಮ ಅಭಿಪ್ರಾಯ ಹೇಳಲೇ ಇಲ್ಲ," ಅಂದರು. "ಎಂಡಿಂಗ್ ಭಾಳ ನ್ಯಾಚುರಲ್ ಬಂದದರಿ," ಅಂದೆ.

ಮರುದಿನ ಮಧ್ಯಾಹ್ನ ಅತ್ತೆಯವರು ಮೊರ ಹಿಡಿಯದೆ ಬರಿಗೈಯಲ್ಲಿ ಬಂದು ಕೂತರು. "ಇವತ್ತ ಸುಭದ್ರವ್ವಂದು ಖರೇ ಖರೇ ಓದು."

"ಅತ್ತಿ, ನಾ ಓದಿದ್ದು..."

"ಛತ್ರಿಬಾಯಿ ಬಂದಾಗೊಮ್ಮೆ ಅರ್ಧ ತಾಸು ಪುಸ್ತಕದ ಹಾಳಿ ಹೊಳ್ಳಸಂಗಿಲ್ಲ ನೀನು. ರೊಟ್ಟಿ ಹೊಳ್ಳಸೋದು ತಿಳೀತದ ನನಗ, ಹಾಳಿ ಹೊಳ್ಳಸೋದು ತಿಳ್ಯಂಗಿಲ್ಲೇನು? ಓದು. ನಿಮ್ಮ ಮಾವಗ ನಾ ಹೇಳಂಗಿಲ್ಲ."

ಬೇರೆ ದಾರಿಯಿರಲಿಲ್ಲ. ಓದಿದೆ. ಸುಭದ್ರೆ ಸೆರಗು ಬಿಗಿದಳು, ಕಟ್ಟೆ ಹತ್ತಿದಳು, ಎರಡೂವರೆ ಪುಟ ಮಾತಾಡುತ್ತ ಬಿದ್ದಳು. ಇದನ್ನು ಕೇಳಿದ ಮೇಲಾದರೂ ನನ್ನ ಉಪಕಾರ ಇವರಿಗೆ ಗೊತ್ತಾದೀತು ಎಂದುಕೊಂಡು ತಲೆ ಎತ್ತಿದರೆ, ಇಬ್ಬರೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಸುಖವಾಗಿ ಅಳುತ್ತಿದ್ದರು. ಖಾಸಿಂಬಿ ಬಿಕ್ಕುತ್ತ, "ಎಷ್ಟ ಛಲೋ ಸತ್ತಳವಾ ಯವ್ವಾ," ಅಂದಳು. ಅತ್ತೆಯವರು, "ಇಂಥಾದ್ದು ಇಟಗೊಂಡು ಇಷ್ಟ ದಿನಾ ಮುಚ್ಚಿಟ್ಟಿದ್ದಿಯಲ್ಲ, ನಿನಗ ಮನಸಾದ್ರ ಹೆಂಗ ಬಂತು?" ಎಂದು ನನ್ನನ್ನೇ ಬೈದರು.

ಆಮೇಲೆ ಉಳಿದ ಐದನ್ನೂ ಪೆಟ್ಟಿಗೆಯಿಂದ ತೆಗೆಸಿದರು. ಯಾವ ಕೈಯಿಂದ ಉಳಿಸಿದ್ದೆನೋ ಅದೇ ಕೈಯಲ್ಲಿ ಪುಸ್ತಕ ಹಿಡಿದು, ಒಂದೇ ಶ್ರಾವಣದಲ್ಲಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಬಾವಿಗೆ ನೂಕಿದೆ. ಸುಂಕದವನಿಗೆ ನನ್ನ ಗಂಡ ಹೇಳಿದ್ದು ಬರೀ ನೆಪವಲ್ಲ ಎಂದು ಆಗ ಅರ್ಥವಾಯಿತು. ಐವರೂ ಮುಗಿದ ಮೇಲೆ ಖಾಸಿಂಬಿ ಅಂಗಿಯ ಗುಂಡಿ ಹಚ್ಚುತ್ತ ಸಂಕೋಚದಿಂದ ಕೇಳಿದಳು: "ಅಕ್ಕಾ, ಛತ್ರಿಬಾಯಿದೂ ಒಂದ ಛಲೋ ಸಾವು ಮಾಡ್ರಿ. ಪಾಪ, ಎಲ್ಲಾರಿಗೂ ಆಗ್ಯಾದ, ಅಕಿಗೊಬ್ಬಾಕಿಗೇ ಇಲ್ಲ."

ಒಲ್ಲೆ ಅನ್ನಬೇಕಿತ್ತು. ಇದೇ ನನ್ನ ಕನ್ಫೆಶನ್ನಿನ ಮುಖ್ಯ ಭಾಗ: ಅನ್ನಲಿಲ್ಲ. ನಾಲ್ಕು ಮಧ್ಯಾಹ್ನ ಪುಸ್ತಕವಿಲ್ಲದೆ ಕೂತು ಕಥೆ ಕಟ್ಟಿ, ಯಾವುದೋ ಹುಡುಗಿಯನ್ನು ಎಳೆಯಲು ಹೋದಾಗ ಕಾಲು ಜಾರಿಸಿ, ನಮ್ಮ ಸಿಸ್ಟರನ್ನು ನಾನೇ ಮುಳುಗಿಸಿದೆ. ಬೀಳುವಾಗ ಆಕೆ ದೇಶದ ಸ್ಥಿತಿಯ ಬಗ್ಗೆಯೂ ನಾಲ್ಕು ಮಾತು ಆಡಿದರು. ಕೊನೆಗೆ ನೀರ ಮೇಲೆ ಛತ್ರಿಯೊಂದೇ ತಿರುಗುತ್ತಿತ್ತು. ಅತ್ತೆಯವರು ಅತ್ತರು, ಖಾಸಿಂಬಿ ಅತ್ತಳು, ಎಲ್ಲರಿಗಿಂತ ಹೆಚ್ಚು ನಾನು ಅತ್ತೆ. ಇಂದಿಗೂ ಹೊಸ ಕಾದಂಬರಿ ಬಂದರೆ ಮೊದಲು ಕೊನೆಯ ಪುಟ ತೆಗೆದು ನೋಡುತ್ತೇನೆ. ಪರವಾಗಿಲ್ಲ, ಈಗಿನವರೂ ಬರೆಯುತ್ತಾರೆ. ಆದರೆ ಅಂಥ ಮುಕ್ತಾಯ ಇನ್ನೂ ಯಾರಿಗೂ ಸಿದ್ಧಿಸಿಲ್ಲ.