ಮಾತಾಡುವ ತಂತಿ, ಕೇಳುವ ತಂತಿ

ಎಲ್ಲ ರಗಳೆಗೂ ಕಾರಣ ಎರಡು ಮೊಳ ತಂತಿ.

ಗಡಿಯಾರ ರಿಪೇರಿ ಮಾಡುವವನಾದ್ದರಿಂದ ಊರವರು ಅವನನ್ನು ಗಡಿಯಾರಪ್ಪ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ವಾರದ ಆರು ದಿನ ನಲವತ್ತು ಗಡಿಯಾರಗಳ ಟಿಕ್ ಟಿಕ್ ನಡುವೆ ಕೂತವನು ಭಾನುವಾರ ತನ್ನ ಪುಟ್ಟ ದೋಣಿ ಹತ್ತಿ ಸಮುದ್ರಕ್ಕೆ ಹೋಗುತ್ತಿದ್ದ. ಹೋದ ತಿಂಗಳು ಹಾಗೆ ಹೋದವನು ಮಧ್ಯಾಹ್ನದ ಊಟಕ್ಕೆ ಬರುವ ಬದಲು ಕತ್ತಲಾಗುವ ಹೊತ್ತಿಗೆ ಬಂದ. “ಮಂಜು ಕವಿದು ದಾರಿ ತಪ್ಪಿತು ಕಣೇ” ಎಂದ. ಅಷ್ಟರಲ್ಲಿ ದಡದಲ್ಲಿ ನಿಂತಿದ್ದ ಹೆಂಡತಿ ಅತ್ತೂ ಅತ್ತೂ ಸಾಕಾಗಿದ್ದಳು.

ಅವಳು ಅವತ್ತೇ ಖಡಾಖಂಡಿತವಾಗಿ ಹೇಳಿದಳು: “ದೋಣಿ ಎಲ್ಲಿದೆ ಅಂತ ನಕ್ಷೆ ಮೇಲೆ ಕಾಣ್ಬೇಕು. ಇಲ್ಲಾಂದ್ರೆ ಮಾರಿಬಿಡಿ.” ಕೊಳ್ಳುವವನನ್ನೂ ಹುಡುಕಿಟ್ಟಳು. ಅವನು ಇವತ್ತು ಸಂಜೆ ಐದಕ್ಕೆ ಬರುವವನಿದ್ದ.

ದೋಣಿಯಲ್ಲಿದ್ದ ಹಳೆಯ ಜಿಪಿಎಸ್ ಪೆಟ್ಟಿಗೆ ಬರೀ ಅಂಕಿ ತೋರಿಸುತ್ತಿತ್ತು. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ನಕ್ಷೆ ಬರುತ್ತದೆಂದು ಭಾವಮೈದ ಬೆಳಗ್ಗೆಯೇ ತನ್ನ ಲ್ಯಾಪ್‌ಟಾಪನ್ನು ದೋಣಿಗೆ ತಂದ. ಕರೆಯದಿದ್ದರೂ ಪಕ್ಕದ ಮನೆಯ ರೇಡಿಯೋ ರಿಪೇರಿಯವರು ತಂತಿ, ಇಕ್ಕಳ ಹಿಡಿದು ಬಂದರು.

“ಪೆಟ್ಟಿಗೇಲಿ ಮಾತಾಡೋ ತಂತಿ ಒಂದು, ಕೇಳೋ ತಂತಿ ಒಂದು. ಲ್ಯಾಪ್‌ಟಾಪ್ ಕಡೇನೂ ಹಾಗೇ” ಎಂದರು ರೇಡಿಯೋದವರು.

“ಮಾತಾಡೋದಕ್ಕೆ ಮಾತಾಡೋದು, ಕೇಳೋದಕ್ಕೆ ಕೇಳೋದು. ಕಟ್ಟಿ ಭಾವ! ಇದಕ್ಕೇನು ಬ್ರಹ್ಮವಿದ್ಯೆ ಬೇಕಾ?” ಎಂದ ಭಾವಮೈದ.

ಕಟ್ಟಿದರು. ಪರದೆ ಮೇಲೆ ಏನೂ ಬರಲಿಲ್ಲ. ಲ್ಯಾಪ್‌ಟಾಪನ್ನು ಏಳು ಸಲ ಆರಿಸಿ ಹಚ್ಚಿದರು. ಇಕ್ಕಳ ನೀರಿಗೆ ಬಿತ್ತು. ರೇಡಿಯೋದವರು ಯಾವುದೋ ತಂತಿ ಎಳೆದದ್ದೇ ತಡ, ದೋಣಿಯ ಹಾರ್ನ್ ಹಟ ಹಿಡಿದ ಮಗುವಿನಂತೆ ಕಿರುಚತೊಡಗಿ ಬಂದರಿನ ಅರ್ಧ ಜನ ಅಲ್ಲಿ ಸೇರಿದರು. ಸೇರಿದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಗಡಿಯಾರಪ್ಪ ಮಾತ್ರ ಮತ್ತೆ ಮತ್ತೆ ಕೈಗಡಿಯಾರ ನೋಡುತ್ತಿದ್ದ.

ನಾಲ್ಕೂವರೆಗೆ ಹೆಂಡತಿ ಬಂದಳು. ವಿಷಯ ಕೇಳಿ ನಕ್ಕಳು.

“ಇಬ್ರೂ ಮಾತಾಡ್ತಿದ್ರೆ ಕೇಳೋರು ಯಾರು? ಒಂದರ ಮಾತು ಇನ್ನೊಂದರ ಕಿವಿಗೆ ಹೋಗ್ಬೇಕಲ್ವಾ? ಅದಲುಬದಲು ಮಾಡಿ.”

ಮಾಡಿದರು. ನಕ್ಷೆಯ ಮೇಲೆ ಪುಟ್ಟ ಚುಕ್ಕೆ ಮೂಡಿತು. ಗಡಿಯಾರಪ್ಪನ ಕಣ್ಣಲ್ಲಿ ನೀರು ಬಂತು. ಹೆಂಡತಿ ಅಲ್ಲೇ ನಿಂತು ಕೊಳ್ಳುವವನಿಗೆ ಫೋನ್ ಮಾಡಿ, ದೋಣಿ ಮಾರುವುದಿಲ್ಲ ಎಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಚೆನ್ನಾಗಿತ್ತು. ಭಾವಮೈದ ಇನ್ನೊಂದು ಗುಂಡಿ ಒತ್ತಿದ.

“ಭಾವ, ಪೆಟ್ಟಿಗೆ ಹಳೇದನ್ನೂ ನೆನಪಿಟ್ಕೊಂಡಿದೆ! ನೋಡಿ, ಹೋದ ತಿಂಗಳು ಮಂಜಿನ ದಿನದ್ದು!”

ನಕ್ಷೆಯ ಮೇಲೆ ಕೆಂಪು ಗೆರೆಯೊಂದು ಬಂದರಿನಿಂದ ಹೊರಟು ನೆಟ್ಟಗೆ ಸಮುದ್ರದ ನಡುವಿನ ಕುದುರು ಬಂಡೆಯ ಹಿಂದಕ್ಕೆ ಹೋಯಿತು. ಅಲ್ಲಿ ದೋಣಿ ಆರು ಗಂಟೆ ಹೊತ್ತು ನಿಂತಿತ್ತೆಂದು ತೋರಿಸಿತು. ಹೋದಷ್ಟೇ ನೆಟ್ಟಗೆ ವಾಪಸು ಬಂತು.

“ದಾರಿ ತಪ್ಪಿದವ್ರ ಗೆರೆ ಇಷ್ಟು ನೇರ ಇರಲ್ಲ” ಎಂದರು ರೇಡಿಯೋದವರು, ಯಾರೂ ಕೇಳದಿದ್ದರೂ.

“ಆ ಬಂಡೆ ಹಿಂದೆ ಯಾರಿದ್ದಾರೆ?” ಹೆಂಡತಿ ಕೇಳಿದಳು.

“ಯಾರೂ ಇಲ್ಲ ಕಣೇ. ಅದಕ್ಕೇ ಹೋಗಿದ್ದೆ. ಸುಮ್ನೆ ಕೂತಿದ್ದೆ. ಒಂದು ಟಿಕ್ ಅನ್ನೋ ಸದ್ದೂ ಇರ್ಲಿಲ್ಲ. ಎದ್ದು ಬರೋಕೆ ಮನಸ್ಸಾಗ್ಲಿಲ್ಲ.”

ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಆ ಕೆಂಪು ಗೆರೆಯನ್ನು ಬೆರಳಿನಿಂದ ಬಂಡೆಯವರೆಗೆ ಸವರಿದಳು.

“ಇಪ್ಪತ್ತು ವರ್ಷದಿಂದ ಆ ಗಡಿಯಾರಗಳ ಮೇಲೇ ನಾನೂ ಮಲಗ್ತಿದ್ದೀನಿ ರೀ. ಇಂಥ ಜಾಗ ಇದೆ ಅಂತ ನಂಗೊಂದು ಮಾತು ಹೇಳ್ಬಾರ್ದಿತ್ತಾ?”

ಗಡಿಯಾರಪ್ಪ ತಲೆ ತಗ್ಗಿಸಿದ. ಅವಳಿಗೂ ಆ ಸದ್ದು ಕೇಳಿಸುತ್ತಿತ್ತೆಂಬುದು ಅವನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

“ಈ ಭಾನುವಾರ ನಾನೂ ಬರ್ತೀನಿ” ಎಂದಳು.

ಅವನ ಮನಸ್ಸು ಹಗುರವಾಯಿತು. ಇಬ್ಬರೇ ಸುಮ್ಮನೆ ಕೂತಿರಬಹುದು. ಎಷ್ಟು ಚೆಂದ!

“ಲ್ಯಾಪ್‌ಟಾಪ್ ನಂದು ಅಕ್ಕಾ, ನಾನಿಲ್ದೆ ಹೇಗಾಗುತ್ತೆ?” ಎಂದ ಭಾವಮೈದ.

“ತಂತಿ ನನ್ನದು” ಎಂದರು ರೇಡಿಯೋದವರು. “ನನ್ನ ದೊಡ್ಡ ರೇಡಿಯೋನೂ ತರ್ತೀನಿ. ಅಷ್ಟು ಹೊತ್ತು ಸುಮ್ನೆ ಕೂತ್ರೆ ಬೇಜಾರಲ್ವಾ?”

ಗಡಿಯಾರಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: “ಆ ಕೊಳ್ಳೋನಿಗೆ ಇನ್ನೊಂದು ಸಲ ಫೋನ್ ಮಾಡ್ತೀಯಾ?”